ಕ್ಯಾಮೆರಾ ಎಷ್ಟು ದಿನ ಉಳಿಯಿತು?

ನಮ್ಮ ಭಾಗದ ಒಂದೊಂದು ತಾಲೂಕಿಗೂ ಟಿವಿಯವರು ಒಂದೊಂದು ಚಿತ್ರ ಹಂಚಿಕೊಟ್ಟಿದ್ದಾರೆ. ಕಾಗವಾಡವೆಂದರೆ ಕೃಷ್ಣೆಯ ಮಹಾಪೂರ, ಅಥಣಿ-ರಾಯಬಾಗವೆಂದರೆ ದೇವದಾಸಿ, ನಿಪ್ಪಾಣಿಯೆಂದರೆ ಗಡಿ. 2022ರ ಡಿಸೆಂಬರಿನಲ್ಲಿ ಗಡಿವಿವಾದ ಮತ್ತೆ ಹೊತ್ತಿಕೊಂಡಾಗ ಕ್ಯಾಮೆರಾಗಳು ಕೊಗನೊಳ್ಳಿ ಟೋಲ್ ನಾಕಾಕ್ಕೆ ಓಡಿ ಬಂದವು. ಪೊಲೀಸರು, ಬ್ಯಾರಿಕೇಡು, ಘೋಷಣೆ. ಪಕ್ಕದ ನಿಪ್ಪಾಣಿಯಲ್ಲಿ ಮನೆಯೊಳಗೆ ಉರ್ದು, ಓಣಿಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ ಆಡುತ್ತ ತಂಬಾಕಿನ ದೂಳಿನಲ್ಲಿ ದುಡಿಯುವ ಹೆಂಗಸನ್ನು ಯಾವ ಬಾವುಟದ ಕೆಳಗೆ ನಿಲ್ಲಿಸುವುದು? ಅದು ತಿಳಿಯದೆಯೋ ಏನೋ, ಅವಳ ಕಡೆ ಯಾರೂ ಹೊರಳಲಿಲ್ಲ.

ಹಿಂದೊಮ್ಮೆ ಹೊರಳಿದ ಕ್ಯಾಮೆರಾ ಒಂದಿತ್ತು. 1981ರಲ್ಲಿ ಶರದ್ ಜೋಶಿಯವರ ನಾಯಕತ್ವದಲ್ಲಿ ತಂಬಾಕು ಬೆಳೆಗಾರರು ಇಲ್ಲಿ ಹೆದ್ದಾರಿ ತಡೆದರು, ಗೋಲಿಬಾರ್ ಆಯಿತು, ನಿಪ್ಪಾಣಿ ಸುದ್ದಿಯಾಯಿತು. ಅದೇ ತಂಬಾಕನ್ನು ಕಾರ್ಖಾನೆಯಲ್ಲಿ ಹದ ಮಾಡುವ ಹೆಂಗಸರ ಬಳಿಗೆ ಬಂದದ್ದು ಯುಗಾಂತರ್ ಎಂಬ ಸ್ತ್ರೀವಾದಿ ಚಿತ್ರತಂಡ. ದೀಪಾ ಧನರಾಜ್ ನಿರ್ದೇಶಿಸಿದ 'ತಂಬಾಕು ಚಾಕಿಲಾ ಊಬ ಆಲಿ' 1982ರ ಕಪ್ಪುಬಿಳುಪು ಸಾಕ್ಷ್ಯಚಿತ್ರ. ಇದ್ದದ್ದು 25 ನಿಮಿಷ. ಆದರೆ ಅದಕ್ಕಾಗಿ ತಂಡ ಈ ಹೆಂಗಸರೊಂದಿಗೆ ನಾಲ್ಕು ತಿಂಗಳು ಕಳೆಯಿತು. ಮೊದಲು ಕೇಳಿತು, ಆಮೇಲೆ ಚಿತ್ರಿಸಿತು. ಹೊರಗಿನವರು ಕಾಣದ ಕಾರ್ಖಾನೆಯ ಒಳಗು ಅದರಲ್ಲಿದೆ. ಸುಮಾರು 3000 ಹೆಂಗಸರನ್ನು ತಲುಪಿದ ಸಂಘಟನೆಯ ಕತೆಯನ್ನು ಅವರೇ ಹೇಳುತ್ತಾರೆ. ಇಲ್ಲಿ ದೂಳಿದೆ, ಆದರೆ ಅದು ನಮ್ಮ ಕಣ್ಣೀರಿಗಾಗಿ ಇಟ್ಟ ದೂಳಲ್ಲ. ಮಾಲೀಕನೆದುರು ಏನು ಮಾತಾಡಬೇಕೆಂದು ಲೆಕ್ಕ ಹಾಕುವ ಹೆಂಗಸರನ್ನು ನೋಡಿ 'ಪಾಪ' ಅನ್ನಲು ಬಾಯಿ ಬರುವುದಿಲ್ಲ.

ಈ ಚಿತ್ರಕ್ಕೆ ಡಿಜಿಟಲ್ ಮರುಜೀವ ಕೊಟ್ಟದ್ದು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ. ನಿಪ್ಪಾಣಿಯ ಮಾತನ್ನು ಕಾಪಾಡಲು ಬರ್ಲಿನ್ ಬೇಕಾಯಿತು!

ಪತ್ರಕರ್ತರನ್ನಷ್ಟೇ ದೂರಿ ನಾನು ಪಾರಾಗಲಾರೆ. ವರ್ಷಗಳ ಹಿಂದೆ ನಾನೂ ಬೀಡಿ ಕಟ್ಟುವವಳೊಬ್ಬಳ ಕತೆ ಬರೆದೆ. ಕೆಮ್ಮು, ಬುರ್ಖಾ, ತಲಾಖ್, ಕೊನೆಗೆ ಸಾವು. ಓದಿದವರು ಮರುಗಿದರು. ಮುಸ್ಲಿಂ ಬದುಕಿನ ಅಧಿಕೃತ ಚಿತ್ರಣ ಎಂದು ಹೊಗಳಿದವರೂ ಇದ್ದರು, ಬರೆದವನ ಹೆಸರೇ ಅವರಿಗೆ ಸಾಕ್ಷಿಯಾಗಿತ್ತು. ನಿಜವೆಂದರೆ ಆ ಕತೆಗಾಗಿ ನಾನು ಯಾರ ಹೊಸ್ತಿಲಲ್ಲೂ ಒಂದು ಮಧ್ಯಾಹ್ನ ಕೂತಿರಲಿಲ್ಲ. ಸಾವಿರ ಬೀಡಿಗೆ ಎಷ್ಟು ಕೊಡುತ್ತಾರೆ, ಚೆನ್ನಾಗಿಲ್ಲವೆಂದು ಎಷ್ಟು ತೆಗೆದುಹಾಕುತ್ತಾರೆ, ಆಗ ಅವಳು ಏನನ್ನುತ್ತಾಳೆ, ಒಂದನ್ನೂ ಕೇಳಿರಲಿಲ್ಲ. ಈ ಚಿತ್ರ ನೋಡಿದ ರಾತ್ರಿ ಆ ಕತೆ ತೆಗೆದು ಮತ್ತೆ ಓದಿದೆ. ಎಂಟು ಪುಟಗಳಲ್ಲಿ ನನ್ನ ನಾಯಕಿ ಆರು ಸಲ ಅಳುತ್ತಾಳೆ. ಕೂಲಿಯ ಮಾತನ್ನು ಒಮ್ಮೆಯೂ ಎತ್ತುವುದಿಲ್ಲ.