ಸಬ್‌ಟೈಟಲ್‌ಗೆ ಸಿಗದ ಕನ್ನಡಗಳು: ಸಣ್ಣ ಚಿತ್ರೋತ್ಸವದಲ್ಲಿ ಸ್ವತಂತ್ರ ಸಿನಿಮಾ ಕೇಳುವ ಬಗೆ

ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಕೊಟ್ಟಿದ್ದೇನೆ. ಮಾತಿನ ಧಾಟಿಯನ್ನು ಪೂರ್ತಿ ತೆಗೆದಿಲ್ಲ. ಕೊನೆಯಲ್ಲಿ ಚರ್ಚೆಗೆ ಬಂದ ಒಂದು ಪ್ರಶ್ನೆಯನ್ನೂ ಅದಕ್ಕೆ ನಾನು ಕೊಟ್ಟ ಉತ್ತರವನ್ನೂ ಸೇರಿಸಿದ್ದೇನೆ.

ನಾನು ಓದುತ್ತಿರುವುದು ಕನ್ನಡ ಸಾಹಿತ್ಯ, ಇರುವುದು ಕೊಯಮತ್ತೂರಿನ ಪೀಳಮೇಡಿನಲ್ಲಿ. ಅವಿನಾಶಿ ರಸ್ತೆಯ ಈ ಭಾಗ ಕಾಲೇಜುಗಳಿಗೆ ಹೆಸರುವಾಸಿ. ರಸ್ತೆಯ ಭಾಷೆ ತಮಿಳು, ಎಷ್ಟೋ ಹಳೇ ಮನೆಗಳ ಒಳಗೆ ತೆಲುಗು, ನಮ್ಮಂಥ ದೇವಾಂಗರ ಮನೆಗಳಲ್ಲಿ ಕನ್ನಡ. ಇಂಥ ಜಾಗದಲ್ಲಿ, ಸೆಮಿನಾರ್ ಹಾಲ್‌ನಲ್ಲಿ ಎರಡು ದಿನ ನಡೆಯುವ ಒಂದು ಸಣ್ಣ ಚಿತ್ರೋತ್ಸವಕ್ಕೆ ಕನ್ನಡದ ಸಿನಿಮಾವೊಂದು ಬಂದರೆ ಏನಾಗುತ್ತದೆ? ಕೂತಿರುವ ಅರವತ್ತು ಜನ ಪರದೆಯ ಕೆಳತುದಿಯ ಇಂಗ್ಲಿಷ್ ಸಾಲು ಓದುತ್ತಾರೆ. ಒಬ್ಬಿಬ್ಬರು ಮಾತ್ರ ಕೇಳಿಸಿಕೊಳ್ಳುತ್ತಾರೆ. ಓದುವವರಿಗೂ ಕೇಳುವವರಿಗೂ ಸಿಗುವ ಸಿನಿಮಾ ಒಂದೇನಾ? ಅಲ್ಲ ಅನ್ನುವುದಾದರೆ, ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಅಲ್ಲಿ ಏನು ಕೆಲಸ ಇದೆ? ಈ ಪ್ರಬಂಧದ ಪ್ರಶ್ನೆ ಇಷ್ಟೇ.

1. ಸ್ವತಂತ್ರ ಅಂದರೆ ಯಾವುದರಿಂದ?

ಸ್ವತಂತ್ರ ಚಿತ್ರ ಅಂದಾಗ ನಾವು ಸಾಮಾನ್ಯವಾಗಿ ದುಡ್ಡಿನ ವಿಷಯ ಮಾತಾಡುತ್ತೇವೆ. ದೊಡ್ಡ ನಿರ್ಮಾಪಕ ಇಲ್ಲ, ಸ್ಟಾರ್ ಇಲ್ಲ, ಹಾಡು-ಫೈಟು ಇಲ್ಲ. ಇದು ಸರಿಯೇ, ಆದರೆ ಸಾಲದು. ಕಳೆದ ಹತ್ತು ವರ್ಷಗಳ ಕನ್ನಡದ ಸ್ವತಂತ್ರ ಚಿತ್ರಗಳು ಇನ್ನೊಂದರಿಂದಲೂ ಬಿಡುಗಡೆ ಪಡೆದಿವೆ: ಸಿನಿಮಾಕ್ಕೆ ಅಂತ ಬೆಂಗಳೂರು-ಮೈಸೂರು ಕಡೆ ಸಿದ್ಧವಾಗಿದ್ದ ಒಂದು ಪ್ರಮಾಣ ಕನ್ನಡದಿಂದ.

ಇದು ಹೊಸದೇನು ಅಂತ ನೀವು ಕೇಳಬಹುದು. 1970ರ ‘ಸಂಸ್ಕಾರ’ವನ್ನೇ ತೆಗೆದುಕೊಳ್ಳಿ. ಪಟ್ಟಾಭಿರಾಮ ರೆಡ್ಡಿ ಅದನ್ನು ಹೊರಾಂಗಣದಲ್ಲಿ, ಉದ್ಯಮದ ಹೊರಗಿನವರನ್ನು ಕಟ್ಟಿಕೊಂಡು ಮಾಡಿದರು. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆ ಹಾಕಿತ್ತು. ಆಮೇಲೆ ಬಂದ ಬಿ.ವಿ. ಕಾರಂತರ ‘ಚೋಮನ ದುಡಿ’ (1975), ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ನಮಗೆಲ್ಲ ಗೊತ್ತು. ಆದರೆ ಈ ಮೂರಕ್ಕೂ ಬೆನ್ನಹಿಂದೆ ಸಾಹಿತ್ಯ ಕೃತಿ ಇತ್ತು: ಅನಂತಮೂರ್ತಿ, ಕಾರಂತ, ಮತ್ತೆ ಅನಂತಮೂರ್ತಿ. ಹಾಗಾಗಿ ನಮ್ಮ ವಿಭಾಗಗಳಲ್ಲಿ ಇವುಗಳ ಚರ್ಚೆ ‘ಕೃತಿ ಮತ್ತು ರೂಪಾಂತರ’ ಅನ್ನುವ ಚೌಕಟ್ಟಿನಲ್ಲಿ ಸುಲಭವಾಗಿ ಕೂತುಬಿಟ್ಟಿತು. ಸಿನಿಮಾ ನೋಡದೆಯೂ, ಕಾದಂಬರಿ ಓದಿಕೊಂಡು, ಅರ್ಧ ಉತ್ತರ ಬರೆಯಬಹುದಿತ್ತು.

‘ತಿಥಿ’ (2015), ‘ಪೆದ್ರೊ’ (2021), ‘ಶಿವಮ್ಮ’ (2022), ‘ಫೋಟೋ’ (2023), ಈ ನಾಲ್ಕರ ಮುಂದೆ ಆ ಚೌಕಟ್ಟು ಕೈಕೊಡುತ್ತದೆ. ಇವುಗಳ ಹಿಂದೆ ನಾವು ತೆರೆದು ನೋಡಬಹುದಾದ ಪುಸ್ತಕ ಇಲ್ಲ. ಮಾತೇ ಪಠ್ಯ, ಅದು ಕಿವಿಯಲ್ಲಿ ಮಾತ್ರ ಸಿಗುತ್ತದೆ. ಚಂಪಾ ಶೆಟ್ಟಿಯವರ ‘ಅಮ್ಮಚ್ಚಿ ಎಂಬ ನೆನಪು’ (2018) ಇವೆರಡರ ನಡುವೆ ನಿಲ್ಲುತ್ತದೆ. ಅದಕ್ಕೆ ವೈದೇಹಿಯವರ ಕತೆಗಳ ಆಸರೆ ಇದೆ, ಕುಂದಾಪುರ ಕನ್ನಡ ಅಲ್ಲಿಗೆ ಬರವಣಿಗೆಯ ದಾರಿಯಲ್ಲೇ ಬಂದಿದೆ.

2. ‘ತಿಥಿ’: ಕಚೇರಿಯ ಕನ್ನಡ, ಬಾಯಿಯ ಕನ್ನಡ

ರಾಮ್ ರೆಡ್ಡಿ ನಿರ್ದೇಶಿಸಿ ಈರೇಗೌಡ ಜೊತೆಗೂಡಿ ಬರೆದ ‘ತಿಥಿ’ ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ, ನಟನೆ ವೃತ್ತಿಯಲ್ಲದ ಊರಿನವರನ್ನೇ ಇಟ್ಟುಕೊಂಡು ಮಾಡಿದ ಚಿತ್ರ. 2015ರಲ್ಲಿ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಪಡೆಯಿತು. ನೂರೊಂದು ವರ್ಷದ ಸೆಂಚುರಿಗೌಡ ಸಾಯುತ್ತಾನೆ, ಹನ್ನೊಂದನೇ ದಿನದ ತಿಥಿಯೊಳಗೆ ಮೂರು ತಲೆಮಾರಿನ ಕತೆ ನಡೆಯುತ್ತದೆ.

ಮೊದಲು ಹೆಸರುಗಳನ್ನೇ ನೋಡಿ. ‘ಸೆಂಚುರಿ’ ಅನ್ನುವುದು ಊರು ತನ್ನದಾಗಿಸಿಕೊಂಡ ಇಂಗ್ಲಿಷ್. ‘ಗಡ್ಡಪ್ಪ’ ಅನ್ನುವುದು ಊರಿಟ್ಟ ಅಡ್ಡಹೆಸರು. ಸಬ್‌ಟೈಟಲ್ ಓದುವವರಿಗೆ ಎರಡೂ ಬರಿಯ ಹೆಸರು. ಕೇಳುವವರಿಗೆ ಮೊದಲ ನಿಮಿಷಗಳಲ್ಲೇ ಈ ಊರು ತನ್ನ ಜನರನ್ನು ಹೇಗೆ ನೋಡುತ್ತದೆ, ಹೇಗೆ ಚುಡಾಯಿಸುತ್ತದೆ ಅನ್ನುವುದು ಗೊತ್ತಾಗಿರುತ್ತದೆ.

ಇನ್ನೂ ಮುಖ್ಯವಾದದ್ದು ತಮ್ಮಣ್ಣನ ಪಾಡು. ತಾತನ ಹೆಸರಿನ ಐದೆಕರೆ ಜಮೀನು ಮಾರಬೇಕು. ಅಪ್ಪ ಗಡ್ಡಪ್ಪನಿಗೆ ಆಸ್ತಿಯೇ ಬೇಡ, ಬೀಡಿ-ಬ್ರಾಂದಿ ಜೊತೆ ಅಲೆದುಕೊಂಡಿರುವುದು ಸಾಕು. ಬದುಕಿರುವ ಅಪ್ಪನನ್ನು ಮಗ ಕಾಗದದಲ್ಲಿ ಸಾಯಿಸುತ್ತಾನೆ. ಇಲ್ಲಿ ಎರಡು ಕನ್ನಡ ಎದುರುಬದುರಾಗುತ್ತವೆ. ಒಂದು, ಮರಣಪತ್ರ-ಖಾತೆ-ಸಹಿಗಳ ಕಚೇರಿ ಕನ್ನಡ. ಇನ್ನೊಂದು, ಹಕಾರ ನುಂಗಿಕೊಂಡು ಓಡುವ ಮಂಡ್ಯದ ಬಾಯಿಮಾತು. ಜಮೀನು ಮೊದಲನೆಯದರ ವಶ, ಬದುಕು ಎರಡನೆಯದರ ವಶ. ಅಲೆಮಾರಿ ಕುರಿಗಾಹಿಗಳ ಜೊತೆ ಕೂತು ಗಡ್ಡಪ್ಪ ತನ್ನ ಕತೆ ಹೇಳುವ ಭಾಗದಲ್ಲಿ ಈ ಎರಡನೆಯ ಕನ್ನಡ ಎಷ್ಟು ಹೊರಬಲ್ಲದು ಅಂತ ತಿಳಿಯುತ್ತದೆ. ಮನೆಯೊಳಗಿನ ಘೋರವನ್ನು ಆತ ದನಿ ಏರಿಸದೆ, ಯಾರೋ ಮೂರನೆಯವರ ವಿಚಾರ ಅನ್ನುವ ಹಾಗೆ ಹೇಳಿಬಿಡುತ್ತಾನೆ. ಸಬ್‌ಟೈಟಲ್‌ನಲ್ಲಿ ಸಂಗತಿ ಬರುತ್ತದೆ. ಅದನ್ನು ಅಷ್ಟು ವರ್ಷ ಹೊತ್ತ ಮನುಷ್ಯನ ದನಿಯ ಇಳಿಜಾರು ಬರುವುದಿಲ್ಲ.

3. ಏಕವಚನದ ಲೆಕ್ಕ: ‘ಪೆದ್ರೊ’

ನಟೇಶ್ ಹೆಗಡೆಯವರ ‘ಪೆದ್ರೊ’ ಮಾತು ಕಡಿಮೆ ಇರುವ ಚಿತ್ರ. ಪಶ್ಚಿಮಘಟ್ಟದ ಹಳ್ಳಿ, ಕರೆಂಟು ರಿಪೇರಿ ಮಾಡುವ ನಡುವಯಸ್ಸಿನ ಕ್ರಿಶ್ಚಿಯನ್ ಪೆದ್ರೊ, ಅವನಿಗೆ ತೋಟ ಕಾಯುವ ಕೆಲಸ ಕೊಡುವ ಭೂಮಾಲೀಕ. ಅಚಾತುರ್ಯದಿಂದ ಒಂದು ಹಸು ಸಾಯುತ್ತದೆ, ಊರು ಅವನ ಮೇಲೆ ತಿರುಗುತ್ತದೆ. ಪೆದ್ರೊ ಆಗಿರುವವರು ನಿರ್ದೇಶಕರ ತಂದೆ ಗೋಪಾಲ ಹೆಗಡೆ.

ಮಾತು ಕಡಿಮೆ, ಹಾಗಾಗಿ ಸಬ್‌ಟೈಟಲ್‌ನಿಂದ ನಷ್ಟವೂ ಕಡಿಮೆ ಅಂತ ಅನ್ನಿಸಬಹುದು. ನನ್ನ ಪ್ರಕಾರ ಉಲ್ಟಾ. ಕನ್ನಡದಲ್ಲಿ ‘ನೀನು’, ‘ನೀವು’, ‘ತಾವು’ ಮೂರೂ ಇವೆ. ಇಂಗ್ಲಿಷ್‌ನಲ್ಲಿ ಮೂರಕ್ಕೂ ಒಂದೇ ಪದ. ಯಾರು ಯಾರನ್ನು ಏಕವಚನದಲ್ಲಿ ಕರೆಯಬಹುದು, ಕರೆಸಿಕೊಂಡವನು ಬಹುವಚನದಲ್ಲೇ ಉತ್ತರ ಕೊಡಬೇಕಾ, ಅನ್ನುವುದೇ ಇಂಥ ಊರಿನ ನಿಜವಾದ ಪಹಣಿ. ಪಾತ್ರ ಬಾಯಿಬಿಡುವುದೇ ಅಪರೂಪವಾದಾಗ ಪ್ರತಿ ಸಂಬೋಧನೆಯ ತೂಕ ಹೆಚ್ಚುತ್ತದೆ. ಪಕ್ಕದಲ್ಲಿ ಕೂತ ತಮಿಳು ಗೆಳೆಯರಿಗೆ ಇದನ್ನು ವಿವರಿಸುವುದು ಕಷ್ಟವೇ ಅಲ್ಲ. ಅವರಲ್ಲೂ ‘ನೀ’, ‘ನೀಂಗ’ ಇದೆ. ಇಂಗ್ಲಿಷ್ ಸಾಲು ನಡುವೆ ಬಂದು ಅಕ್ಕಪಕ್ಕದ ಎರಡು ಭಾಷೆಗಳ ನಡುವಿನ ಬಾಗಿಲನ್ನು ಮುಚ್ಚುತ್ತದೆ. ತಮಿಳಿನಲ್ಲೇ ಸಬ್‌ಟೈಟಲ್ ಇದ್ದಿದ್ದರೆ ಅರ್ಧ ನಷ್ಟ ತಪ್ಪುತ್ತಿತ್ತು.

4. ‘ಶಿವಮ್ಮ’: ಕಲಿತ ಮಾತಿನ ಸಾಲ

ನಾಲ್ಕರಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಂಡಿದ್ದು ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’. ಬೂಸಾನ್ ಚಿತ್ರೋತ್ಸವದಲ್ಲಿ 2022ರ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಚಿತ್ರ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಶಿವಮ್ಮ ಸರ್ಕಾರಿ ಶಾಲೆಯಲ್ಲಿ ಅಡುಗೆಯವಳು. ಗಂಡ ಹಾಸಿಗೆ ಹಿಡಿದಿದ್ದಾನೆ, ಮಗಳ ಮದುವೆ ಆಗಬೇಕು. ಇಂಥ ಹೊತ್ತಿನಲ್ಲಿ ಆಕೆ ಆರೋಗ್ಯಪೇಯ ಮಾರುವ ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ದುಡ್ಡು ಹಾಕುತ್ತಾಳೆ. ಶರಣಮ್ಮ ಚೆಟ್ಟಿ ಈ ಪಾತ್ರವನ್ನು ಮಾಡಿದ ರೀತಿ ನೋಡಿದವರು ಮರೆಯುವುದಿಲ್ಲ.

ಇಲ್ಲಿ ಉಪಭಾಷೆ ಹಿನ್ನೆಲೆಯಲ್ಲ, ಕತೆಯೇ ಅದು. ‘ಮಾಡಾಕತ್ತೀನಿ’, ‘ಹೊಂಟೀನಿ’ ಅನ್ನುವ ಕನ್ನಡದಲ್ಲಿ ಬಾಳುವ ಹೆಂಗಸು ಕಂಪನಿಯ ಇನ್ನೊಂದು ಭಾಷೆ ಕಲಿಯುತ್ತಾಳೆ: ಆತ್ಮವಿಶ್ವಾಸದ ಭಾಷೆ, ಮೀಟಿಂಗಿನ ಭಾಷೆ, ಪ್ರತಿಯೊಬ್ಬ ನೆರೆಯವಳನ್ನೂ ಗಿರಾಕಿ ಮಾಡಿಬಿಡುವ ಭಾಷೆ. ಆಕೆ ದುಡ್ಡಿನ ಸಾಲ ಮಾತ್ರ ಮಾಡಲಿಲ್ಲ, ಮಾತಿನ ಸಾಲವನ್ನೂ ಮಾಡಿದಳು. ಮಾರಾಟದ ಮಾತು ಊರಿನ ನಾಲಿಗೆಯಲ್ಲಿ ಪೂರ್ತಿ ಕೂರುವುದಿಲ್ಲ. ಆ ಕೂರದಿರುವಿಕೆಯಲ್ಲಿ ನಗುವೂ ಹುಟ್ಟುತ್ತದೆ, ಹೊಟ್ಟೆಯುರಿಯೂ ಹುಟ್ಟುತ್ತದೆ. ಸಬ್‌ಟೈಟಲ್‌ನಲ್ಲಿ ಎರಡೂ ಒಂದೇ ಮಟ್ಟಸ ಇಂಗ್ಲಿಷ್ ಆಗುವುದರಿಂದ, ಓದುವವರಿಗೆ ಶಿವಮ್ಮ ಮೋಸಹೋದ ಮುಗ್ಧೆಯ ಹಾಗೆ ಕಾಣುವ ಅಪಾಯ ಇದೆ. ಕೇಳುವವರಿಗೆ ಆಕೆ ಹಟಮಾರಿ, ಲೆಕ್ಕ ಗೊತ್ತಿರುವವಳು, ಬೇರೆ ದಾರಿ ಇಲ್ಲದೆ ಆರಿಸಿಕೊಂಡವಳು.

5. ಉಪಭಾಷೆ ಒಡವೆಯಾದಾಗ

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಹಳ್ಳಿ, ವೃತ್ತಿನಟರಲ್ಲದ ಮುಖಗಳು, ಪ್ರಾದೇಶಿಕ ಮಾತು, ಇವೆಲ್ಲ ಈಗ ಚಿತ್ರೋತ್ಸವಗಳಿಗೆ ಇಷ್ಟವಾಗುವ ಗುರುತುಗಳೂ ಆಗಿಬಿಟ್ಟಿವೆ. ‘ಅಪ್ಪಟ ನೆಲದ ಸಿನಿಮಾ’ ಅಂತ ಪರಿಚಯಪತ್ರದಲ್ಲಿ ಬರೆದರೆ ಅರ್ಧ ಕೆಲಸ ಮುಗಿಯಿತು. ನನ್ನ ಅಳತೆಗೋಲು ಹೀಗಿದೆ: ಆ ಮಾತನ್ನು ತೆಗೆದು ಪ್ರಮಾಣ ಕನ್ನಡ ಹಾಕಿದರೆ ಕತೆ ಮುರಿಯುತ್ತದಾ? ‘ಶಿವಮ್ಮ’ ಮುರಿಯುತ್ತದೆ, ‘ತಿಥಿ’ ಮುರಿಯುತ್ತದೆ.

ಉತ್ಸವ್ ಗೋನವಾರ ಅವರ ‘ಫೋಟೋ’ ವಿಷಯದಲ್ಲಿ ನನಗೆ ಅಷ್ಟು ಖಾತ್ರಿ ಇಲ್ಲ. ರಾಯಚೂರು ಸೀಮೆಯ ಹುಡುಗ ದುರ್ಗ್ಯಾನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಕೂಲಿ. 2020ರ ಲಾಕ್‌ಡೌನ್ ಬರುತ್ತದೆ, ಅಪ್ಪ-ಮಗ ನಡೆದು ಹೊರಡುತ್ತಾರೆ. ರಾಜ್ಯದ ಕಡತಗಳು ಕನ್ನಡದಲ್ಲೂ ಓಡಾಡುವ ಕಟ್ಟಡದ ಊರು ಅದೇ ರಾಜ್ಯದ ಇನ್ನೊಂದು ಕನ್ನಡವನ್ನು ಕೇಳಿಸಿಕೊಳ್ಳುವುದಿಲ್ಲ ಅನ್ನುವ ದೊಡ್ಡ ಸಾಧ್ಯತೆ ಮೊದಲರ್ಧದಲ್ಲಿದೆ. ನಡಿಗೆ ಶುರುವಾದ ಮೇಲೆ ಮಾತು ಹಿಂದೆ ಸರಿದು ದಾರುಣದ ಚಿತ್ರಗಳೇ ಮುಂದೆ ಬರುತ್ತವೆ. ಮನಸ್ಸು ಕಲಕುತ್ತದೆ, ನಿಜ. ಆದರೆ ಆ ಹುಡುಗನ ಭಾಷೆಯಿಂದ ಮಾತ್ರ ಗೊತ್ತಾಗಬಹುದಾಗಿದ್ದ ಯಾವುದೋ ಸಂಗತಿ ಅಲ್ಲಿ ಕೈತಪ್ಪಿತು ಅಂತ ನನಗನ್ನಿಸಿತು.

6. ಸಣ್ಣ ಉತ್ಸವ ಏನು ಮಾಡಬಹುದು?

ಕೊಯಮತ್ತೂರಿಗೆ ಇದು ಹೊಸ ಪ್ರಶ್ನೆಯಲ್ಲ. ರೈಲ್ವೆ ನೌಕರರಾಗಿದ್ದ ಸಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಒಂದು ಪ್ರೊಜೆಕ್ಟರ್ ಕೊಂಡು ಊರೂರಿಗೆ ಟೆಂಟ್ ಹೊತ್ತು ಸಿನಿಮಾ ತೋರಿಸಿದರು, ಆಮೇಲೆ ಇಲ್ಲೇ ವೆರೈಟಿ ಹಾಲ್ ಕಟ್ಟಿದರು. ನಮ್ಮ ಕಾಲಕ್ಕೆ ಬಂದರೆ, ಕೋಣಂಗಳ್ ಫಿಲ್ಮ್ ಸೊಸೈಟಿ ಇದೇ ಊರಿನ ಒಂದು ಶಾಲೆಯ ಪುಟ್ಟ ಸಭಾಂಗಣದಲ್ಲಿ ಜಗತ್ತಿನ ಸಿನಿಮಾ ತೋರಿಸಿದೆ. ಕನ್ನಡದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಹೆಗ್ಗೋಡು. ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಒಂದು ಹಳ್ಳಿಯ ಪ್ರೇಕ್ಷಕರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು, ರಸಗ್ರಹಣ ಶಿಬಿರ ನಡೆಸಿದರು. ಅಲ್ಲಿಂದ ನಾವು ಕಲಿಯಬೇಕಾದದ್ದು: ಸಿನಿಮಾ ಮುಗಿದ ಮೇಲಿನ ಮಾತುಕತೆ ಪ್ರೇಕ್ಷಕರ ಭಾಷೆಯಲ್ಲೇ ನಡೆಯಬೇಕು.

ಸಣ್ಣ ಉತ್ಸವದ ಬಲ ಅದೇ. ದೊಡ್ಡ ಉತ್ಸವದಲ್ಲಿ ಒಂದು ಚಿತ್ರ ಮುಗಿದು ಹದಿನೈದು ನಿಮಿಷಕ್ಕೆ ಮುಂದಿನ ಸರದಿ ಶುರು. ಅರವತ್ತು ಕುರ್ಚಿಯ ಹಾಲ್‌ನಲ್ಲಿ ಕೂತು ಮಾತಾಡಬಹುದು. ಅಲ್ಲಿಗೆ ನಾವು ಹೋಗಬೇಕು. ನನ್ನ ಪ್ರಸ್ತಾಪ ಇಷ್ಟು: ಸಬ್‌ಟೈಟಲ್ ಅನ್ನು ಅನುವಾದ ಪತ್ರಿಕೆಯ ಭಾಗವಾಗಿ ಓದೋಣ. ಇಪ್ಪತ್ತು ಸಂಭಾಷಣೆ ತೆಗೆದುಕೊಂಡು, ಅದನ್ನು ಕಿವಿಯಿಂದ ಬರೆದುಕೊಂಡು, ತಮಿಳು, ತೆಲುಗು, ಮಲಯಾಳಕ್ಕೆ ಸಬ್‌ಟೈಟಲ್ ಮಾಡಿ ನೋಡೋಣ. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ ಅದರ ಭಾಷೆ ಓದಲು ಕಷ್ಟ ಅಂತ ಎಷ್ಟು ಚರ್ಚೆಯಾಯಿತು ಅಂತ ನಾವು ಓದಿದ್ದೇವೆ. ಆ ಚರ್ಚೆಯಿಂದ ಕನ್ನಡ ವಿಮರ್ಶೆಯ ಕಿವಿ ಹಿಗ್ಗಿತು. ಈ ಚಿತ್ರಗಳೂ ಅದೇ ಕೆಲಸ ಕೇಳುತ್ತಿವೆ.

ಚರ್ಚೆಯಿಂದ

ಒಬ್ಬ ಸಹಪಾಠಿ ಕೇಳಿದರು: “ಮಂಡ್ಯ, ಕೊಪ್ಪಳ, ರಾಯಚೂರು ಎಲ್ಲ ಕರ್ನಾಟಕದ ಒಳಗಿನವು. ನಿಮ್ಮ ಮನೆಯ ಕನ್ನಡಕ್ಕೂ ಈ ಚಿತ್ರಗಳಿಗೂ ಏನು ಸಂಬಂಧ?”

ನಾನು ಹೇಳಿದ್ದು: ನಮ್ಮ ಮನೆಯಲ್ಲಿ ಮಗ್ಗಕ್ಕೆ ‘ತರಿ’ ಅನ್ನುತ್ತಾರೆ, ಹಾಸಿಗೆ ‘ಪಾವು’ ಅನ್ನುತ್ತಾರೆ. ವಾಕ್ಯ ಮಾತ್ರ ಕನ್ನಡದ್ದು. ಅಜ್ಜಿಗೆ ಕನ್ನಡ ಅಕ್ಷರ ಬರುವುದಿಲ್ಲ, ಅಪ್ಪನಿಗೂ ಬರುವುದಿಲ್ಲ. ಕನ್ನಡ ಬರೆಯಲು ಕಲಿತವಳು ಮನೆಯಲ್ಲಿ ನಾನೊಬ್ಬಳೇ, ಅದೂ ಪುಸ್ತಕದ ಕನ್ನಡ. ಆ ಪುಸ್ತಕದ ಕನ್ನಡ ಮನೆಯಲ್ಲಿ ಆಡಿದರೆ ಅಜ್ಜಿ, “ಏನ್ ತಾಯಿ, ರೇಡಿಯೋ ಥರಾ ಮಾತಾಡ್ತೀಯ” ಅಂತಾರೆ. ಸತ್ಯಮಂಗಲದ ಕಾಡು, ದಿಂಬಂ ಘಟ್ಟ ದಾಟಿದರೆ ಚಾಮರಾಜನಗರ. ದಾರಿಯಲ್ಲಿ ತಾಳವಾಡಿಯಲ್ಲೂ ಕನ್ನಡವೇ. ಆದರೂ ನಾನು ನೋಡಿದ ಯಾವ ಚಿತ್ರದಲ್ಲೂ ನಮ್ಮ ಕನ್ನಡ ಕೇಳಿಲ್ಲ. ಬರವಣಿಗೆ ಇಲ್ಲದ ಮಾತಿಗೆ ಕಾದಂಬರಿ ಬರೆಯುವುದು ಕಷ್ಟ. ಸಿನಿಮಾಕ್ಕೆ ಮಾತ್ರ ಅಕ್ಷರದ ಹಂಗಿಲ್ಲ. ಶರಣಮ್ಮ ಚೆಟ್ಟಿಯವರು ಯರೇಹಂಚಿನಾಳದ ಮಾತಿನಲ್ಲೇ ಇಡೀ ಚಿತ್ರ ಹೊತ್ತಿದ್ದನ್ನು ನೋಡಿದ ಮೇಲೆ, ನಮ್ಮ ಕಡೆಯ ಒಬ್ಬ ಅಜ್ಜಿಯೂ ಹಾಗೆ ಒಂದು ಚಿತ್ರ ಹೊರಬಲ್ಲಳು ಅಂತ ನನಗೆ ನಂಬಿಕೆ ಬಂದಿದೆ. ಅಂಥ ಚಿತ್ರ ಬಂದ ದಿನ ಕನ್ನಡ ಬಲ್ಲ ಬೆಂಗಳೂರಿನವರಿಗೂ ಅಲ್ಲಲ್ಲಿ ಸಬ್‌ಟೈಟಲ್ ಬೇಕಾಗಬಹುದು. ಆಗ ಅದನ್ನು ಬರೆಯುವ ಕೆಲಸಕ್ಕೆ ನಮ್ಮಂಥವರು ತಯಾರಿರಬೇಕು.