ಲ್ಯಾಕ್ಸ್‌ಟನ್ನಿನ ಹೊಲಗಳು: ಆರ್ವಿನ್ ದಂಪತಿಗಳ ಗ್ರಂಥವನ್ನು ಕುರಿತು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಷೈರಿನಲ್ಲಿರುವ ಲ್ಯಾಕ್ಸ್‌ಟನ್ ಒಂದು ಸಣ್ಣ ಹಳ್ಳಿ. ಆ ದೇಶದ ಬಹುಪಾಲು ಗ್ರಾಮಗಳಲ್ಲಿ ಬೇಲಿಗಳು ಎದ್ದಂತೆ ಮರೆಯಾದ ಬಯಲುಹೊಲದ ಬೇಸಾಯ ಇಲ್ಲಿ ‘ಕೋರ್ಟ್ ಲೀಟ್’ ಎಂಬ ತನ್ನ ನ್ಯಾಯಸಭೆಯೊಡನೆ ಇಂದಿಗೂ ಉಳಿದಿದೆ. ಈ ಊರಿನ ಚರಿತ್ರೆಯನ್ನು ಸಿ. ಎಸ್. ಆರ್ವಿನ್ ಅವರೂ ಅವರ ಪತ್ನಿಯೂ 1938ರಲ್ಲಿ ‘ದಿ ಓಪನ್ ಫೀಲ್ಡ್ಸ್’ ಎಂಬ ಗ್ರಂಥದಲ್ಲಿ ನಿರೂಪಿಸಿದರು. ಮಾರ್ಕ್ ಪಿಯರ್ಸ್ 1635ರಲ್ಲಿ ರಚಿಸಿದ ಭೂಪಟ ಇವರ ಮುಖ್ಯ ಆಧಾರ.

ಒಬ್ಬನೇ ರೈತನ ನೆಲ ಹಲವು ಪಟ್ಟೆಗಳಾಗಿ ಊರ ಸುತ್ತ ಚೆದರಿರುವುದೇಕೆ? ಒಳ್ಳೆಯ ನೆಲವನ್ನೂ ಕೆಟ್ಟ ನೆಲವನ್ನೂ ಸಮನಾಗಿ ಹಂಚುವ ನ್ಯಾಯಬುದ್ಧಿಯೇ ಇದಕ್ಕೆ ಕಾರಣವೆಂದು ಹಿಂದಿನ ವಿದ್ವಾಂಸರು ಬಗೆದಿದ್ದರು. ಆರ್ವಿನ್‌ರು ಇದನ್ನೊಪ್ಪದೆ ನಮ್ಮ ದೃಷ್ಟಿಯನ್ನು ನೇಗಿಲಿನ ಕಡೆಗೆ ತಿರುಗಿಸುತ್ತಾರೆ. ಭಾರವಾದ ನೇಗಿಲು, ಹಲವರು ಕೂಡಿ ಹೂಡಿದ ಎತ್ತುಗಳು, ಒಂದು ದಿನದಲ್ಲಿ ಉಳಬಹುದಾದಷ್ಟು ನೆಲ. ಪಟ್ಟೆ ಹುಟ್ಟಿದ್ದು ಹೀಗೆ. ಉಳುವವನ ಅನುಭವದಿಂದ ಚರಿತ್ರೆಯನ್ನು ಓದುವ ಈ ಕ್ರಮ, ಕಾಗದಪತ್ರಗಳ ನಡುವೆಯೇ ಕುಳಿತಿರುವ ನಮ್ಮಂಥವರಿಗೆ ಒಳ್ಳೆಯ ಪಾಠ.

ಆದರೆ ನೇಗಿಲು ಪಟ್ಟೆಯನ್ನು ವಿವರಿಸೀತೇ ಹೊರತು ಸಭೆಯನ್ನು ವಿವರಿಸಲಾರದು. ಉತ್ತು ಬಿತ್ತಿದ ಮೇಲೆ ತನ್ನ ಪಟ್ಟೆಯನ್ನು ತಾನು ಕೊಯ್ಯುವುದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಕೊಯ್ಲಾದ ಕೂಳೆಯ ಮೇಲೆ, ಬೀಳುಬಿಟ್ಟ ಹೊಲದ ಮೇಲೆ ಊರ ದನಕುರಿಗಳನ್ನು ಬಿಡಬೇಕೆಂದಾಗಲೇ ಎಲ್ಲರೂ ಒಂದೇ ಸರದಿಗೆ ಕಟ್ಟುಬೀಳಬೇಕಾಗುತ್ತದೆ. ಒಬ್ಬ ತಡಮಾಡಿದರೆ ಅವನ ಪೈರು ಹಾಳು, ಇಲ್ಲವೆ ಊರ ದನಕ್ಕೆ ಮೇವಿಲ್ಲ. ಆರ್ವಿನ್‌ರು ಮೇವಿನ ಮಾತನ್ನೇ ಎತ್ತಿಲ್ಲವೆಂದಲ್ಲ. ಅದನ್ನು ಉಳುಮೆಯ ಹಿಂದೆ ನಿಲ್ಲಿಸಿದ್ದಾರೆ. ಜನ ಬೆಳೆದು ನೆಲ ಪಾಲಾದಂತೆ ಈ ಕಟ್ಟುಪಾಡುಗಳು ಕ್ರಮೇಣ ಕೂಡಿಬಂದವೆಂದು ಜೋನ್ ಥರ್ಸ್ಕ್ 1964ರಲ್ಲಿ ವಾದಿಸಿದ ಮೇಲಂತೂ, ಮೊದಲು ನೆಲೆಸಿದವರ ಕಾಲಕ್ಕೇ ವ್ಯವಸ್ಥೆಯೆಲ್ಲ ರೂಪುಗೊಂಡಿತೆಂಬ ಚಿತ್ರವನ್ನು ನಾವು ಹಾಗೆಯೇ ಸ್ವೀಕರಿಸಲಾರೆವು.

ಇನ್ನೊಂದು ಮಾತು. ಆ ಭೂಪಟ ಜಮೀನ್ದಾರನ ಉಪಯೋಗಕ್ಕಾಗಿ ಆದದ್ದು. ಅದರಲ್ಲಿ ಉಳುವವರ, ಕೊಯ್ಯುವವರ ಪುಟ್ಟ ಚಿತ್ರಗಳುಂಟು, ಅವರಾರಿಗೂ ಹೆಸರಿಲ್ಲ. ಪಟ್ಟೆಯಿಲ್ಲದ ಕೂಲಿಯವನಿಗೆ ಊರಿನ ಒಗ್ಗಟ್ಟು ಏನಾಗಿತ್ತೆಂದು ಗ್ರಂಥಕರ್ತರು ಇನ್ನಷ್ಟು ಒತ್ತಿ ಕೇಳಬೇಕಾಗಿತ್ತು.

1952ರಲ್ಲಿ ಸರ್ಕಾರ ಕೊಂಡ ಈ ಹೊಲಗಳ ಒಡೆತನ 1981ರಲ್ಲಿಯೂ 2020ರಲ್ಲಿಯೂ ಮತ್ತೆ ಕೈ ಬದಲಾಯಿಸಿತು. ಚಳಿಗಾಲದ ಮೊದಲಲ್ಲಿ ಜ್ಯೂರಿಯವರು ಗೋದಿಯ ಹೊಲವನ್ನು ಸುತ್ತಿ, ದಾರಿಯ ಅಂಚನ್ನು ಒತ್ತಿ ಉತ್ತವರನ್ನು ಗುರುತಿಸಿ, ಗಡಿಗೆ ಗೂಟ ಹೊಡೆಯುತ್ತಾರೆ. ವಾರದ ಬಳಿಕ ಸಭೆ ಸೇರಿ ದಂಡ ಗೊತ್ತುಮಾಡುತ್ತದೆ.