ನಾಲ್ವರ ಹಾಡು, ಒಬ್ಬರ ಹೆಸರು

‘ಡೂಬಾ ಡೂಬಾ’ ಯಾರ ಹಾಡು ಅಂತ ಗೆಳೆಯರನ್ನು ಕೇಳಿ ನೋಡಿ. ಥಟ್ಟನೆ ಮೋಹಿತ್ ಚೌಹಾಣ್ ಅಂತಾರೆ. ದನಿ ಅವರದೇ, ಸರಿ. ಆದರೆ 1998ರಲ್ಲಿ ಬಂದ ‘ಬೂಂದೇ’ ಆಲ್ಬಮ್ಮು ಸಿಲ್ಕ್ ರೂಟ್ ಎಂಬ ಬ್ಯಾಂಡಿನದು. ಜೊತೆಗಿದ್ದ ಅತುಲ್ ಮಿತ್ತಲ್, ಕೆಮ್ ತ್ರಿವೇದಿ, ಕೆನ್ನಿ ಪುರಿ ನಮ್ಮ ನೆನಪಿನಿಂದ ಎಲ್ಲಿ ಹೋದರು?

ಆ ದಿನಗಳಲ್ಲಿ ಟಿವಿ ಹಚ್ಚಿದರೆ ಯುಫೋರಿಯಾ, ಗಡಿಯಾಚೆಯ ಜುನೂನ್ ಎಲ್ಲ ಕೇಳಿಸುತ್ತಿದ್ದವು. ಸಿನಿಮಾದ ಹೊರಗೂ ಹಾಡಿಗೆ ಒಂದು ಬದುಕಿತ್ತು. ಆಮೇಲೆ ಚಾನೆಲ್ಲುಗಳು ಸಿನಿಮಾದತ್ತ ವಾಲಿದವು, ಕ್ಯಾಸೆಟ್ ಕಾಲ ಮುಗಿಯಿತು. ಹಿಂದಿ ಚಿತ್ರರಂಗಕ್ಕೆ ಬೇಕಾದದ್ದು ಬ್ಯಾಂಡ್ ಅಲ್ಲ, ಒಂದು ಕಂಠ. 2011ರ ‘ರಾಕ್‌ಸ್ಟಾರ್’ ನೆನಪಿಸಿಕೊಳ್ಳಿ. ಹೆಸರೇ ಹೇಳುವಂತೆ ಕಥೆ ಒಬ್ಬ ತಾರೆಯದು. ಆ ನಾಯಕನಿಗೆ ದನಿ ಕೊಟ್ಟವರು ಇದೇ ಮೋಹಿತ್. ಹಾಡುಗಳು ಚೆನ್ನಾಗಿವೆ, ನಾನೂ ಎಷ್ಟೋ ಸಲ ಕೇಳಿದ್ದೇನೆ. ಆದರೂ ಹಿಂದೆ ನಿಂತು ನುಡಿಸುವವರು ಅಲ್ಲಿ ಬರೀ ಹಿನ್ನೆಲೆ.

ಲ್ಯಾಪ್‌ಟಾಪ್ ಬಂದು ಬ್ಯಾಂಡ್ ಹೋಯಿತು ಅನ್ನುತ್ತಾರೆ. ಸುಳ್ಳಲ್ಲ, ಡ್ರಮ್ಮು, ಬೇಸ್ ಎಲ್ಲ ಅದರೊಳಗೇ ಸಿಗುವಾಗ ನಾಲ್ವರ ರೈಲು ಟಿಕೆಟ್ಟಿನ ಖರ್ಚು ಯಾರಿಗೆ ಬೇಕು? ನನಗೇನೋ ಇದು ಅರ್ಧ ಉತ್ತರ ಅನಿಸುತ್ತದೆ. ರಫಿ, ಲತಾ ಕಾಲದಿಂದಲೂ ನಾವು ಕೇಳಿದ್ದು ಒಂದೇ ಪ್ರಶ್ನೆ: ‘ಹಾಡಿದ್ದು ಯಾರು?’ ನುಡಿಸಿದ್ದು ಯಾರು ಅಂತ ನೀವಾಗಲೀ ನಾನಾಗಲೀ ಕೇಳಿದ್ದುಂಟೇ? ಖವ್ವಾಲಿಯಲ್ಲೂ ಇದೇ ಗತಿ. ನುಸ್ರತ್ ಫತೇ ಅಲಿ ಖಾನ್ ‘ಆಂಡ್ ಪಾರ್ಟಿ’ ಅಂತ ಅಚ್ಚಾಗುತ್ತಿತ್ತು. ಹಾರ್ಮೋನಿಯಂ ಹಿಡಿದು ಜೊತೆಗೆ ಹಾಡುತ್ತಿದ್ದ ತಮ್ಮ ಫರ್ರುಖ್ ಕೂಡ ಆ ‘ಪಾರ್ಟಿ’ಯೊಳಗೇ ಕರಗಿಹೋದರು. ಅಲ್ಲಿ ಕುಟುಂಬವಾದರೂ ಗುಂಪನ್ನು ಹಿಡಿದಿಟ್ಟಿತ್ತು. ಗೆಳೆಯರು ಕಟ್ಟಿದ ಬ್ಯಾಂಡಿಗೆ ಆ ಆಸರೆಯೂ ಇಲ್ಲ.

ದೆಹಲಿಯ ಇಂಡಿಯನ್ ಓಷನ್ ಮಾತ್ರ ಬೇರೆ ದಾರಿ ಹಿಡಿಯಿತು. ‘ಬ್ಲ್ಯಾಕ್ ಫ್ರೈಡೇ’ ಚಿತ್ರಕ್ಕೆ ಸಂಗೀತ ಕೊಟ್ಟಾಗ ಇಡೀ ಬ್ಯಾಂಡಾಗಿಯೇ ಬಂತು. ತಬಲಾ ನುಡಿಸುತ್ತಲೇ ಹಾಡುತ್ತಿದ್ದ ಅಶೀಮ್ ಚಕ್ರವರ್ತಿ 2009ರಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಇಬ್ಬರು ಬೇಕಾಯಿತು: ತಬಲಾಕ್ಕೆ ತುಹೀನ್ ಚಕ್ರವರ್ತಿ, ಹಾಡಿಗೆ ಹಿಮಾಂಶು ಜೋಶಿ. ಗಿಟಾರಿನ ಸುಸ್ಮಿತ್ ಸೇನ್ 2013ರಲ್ಲಿ ಬಿಟ್ಟರು, ನಿಖಿಲ್ ರಾವ್ ಬಂದರು. 2015ರ ‘ಮಸಾನ್’ ಚಿತ್ರಕ್ಕೂ ಸಂಗೀತ ಅದೇ ಹೆಸರಲ್ಲಿ ಬಂತು. ಇವತ್ತು ರಾತ್ರಿ ಹೆಡ್‌ಫೋನ್ ಹಾಕಿ ಅವರ ‘ಕಂದೀಸಾ’ ಕೇಳಿ. ಮೊದಲ ಸಲ ದನಿಯನ್ನು ಬಿಟ್ಟುಬಿಡಿ, ಬರೀ ಬೇಸ್ ಗಿಟಾರಿನ ಹಿಂದೆ ಹೋಗಿ.